ಕರಗದೆ ಕೂಡಿದ್ದು

ಮನೆ ಬದಲಾಯಿಸುವಾಗ ಅಮ್ಮನ ಹೊಲಿಗೆ ಯಂತ್ರದ ಕಾಲುಮಣೆ ಎರಡು ತುಂಡಾಯಿತು. ಲಾರಿಯಿಂದ ಇಳಿಸುವಾಗ ಹಗ್ಗ ಜಾರಿ ಸ್ಟ್ಯಾಂಡು ಕಲ್ಲುಚಪ್ಪಡಿಯ ಮೇಲೆ ಕುಕ್ಕರಿಸಿತು, ಅಷ್ಟೆ. ಯಂತ್ರಕ್ಕೆ ಏನೂ ಆಗಲಿಲ್ಲ, ಚಕ್ರವೂ ನೆಟ್ಟಗಿತ್ತು. ಬಳ್ಳಿ ಸುತ್ತಿದ ಜಾಲರಿಯಂತಿದ್ದ ಬೀಡುಕಬ್ಬಿಣದ ಮಣೆ ಮಾತ್ರ ನಟ್ಟನಡುವೆ ಮುರಿದಿತ್ತು. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ಹೊರಗೆಲ್ಲ ಕಪ್ಪು, ಜಿಡ್ಡು, ಪಾದ ಸವೆಸಿದ ನುಣುಪು. ಒಳಗೆ ಬೂದುಬಣ್ಣದ ಸಣ್ಣ ಸಣ್ಣ ಹರಳು, ಆಗ ತಾನೆ ಒಡೆದ ಬೆಲ್ಲದಚ್ಚಿನ ಒಡಲಿನ ಹಾಗೆ. ಎರಕ ಹೊಯ್ದ ದಿನದಿಂದ ಆ ಹರಳುಗಳ ಮೇಲೆ ಬೆಳಕೇ ಬಿದ್ದಿರಲಿಲ್ಲ.

ಇಬ್ಬರು ವೆಲ್ಡಿಂಗ್‌ನವರು ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟರು. "ಬೀಡು ಸಾರ್, ನಿಲ್ಲೋದಿಲ್ಲ. ಇವತ್ತು ಹಾಕಿಕೊಟ್ಟರೆ ನಾಳೆ ಪಕ್ಕದಲ್ಲೇ ಬಿರುಕು ಬಿಡುತ್ತೆ." ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪೀಣ್ಯದ ಎರಡನೇ ಹಂತದಲ್ಲಿ, ಲೇತುಗಳ ಸಾಲಿನ ಹಿಂದಿರುವ ಒಂದು ಚಿಕ್ಕ ಶೆಡ್ಡಿನ ಯಜಮಾನರು ಮಾತ್ರ ಎರಡೂ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ, ಹರಳಿಗೆ ಹರಳು ಕೂಡುತ್ತದೆಯೇ ಎಂದು ಬಹಳ ಹೊತ್ತು ನೋಡಿದರು. ಆಮೇಲೆ ಅಂದರು: "ಕರಗಿಸೋದು ಬೇಡ. ಬ್ರೇಝ್ ಮಾಡೋಣ. ಟಿಗ್‌ನಲ್ಲೇ."

ಆ 'ಕರಗಿಸೋದು ಬೇಡ' ಎಂಬ ಮಾತು ನನ್ನೊಳಗೆ ಉಳಿದುಬಿಟ್ಟಿದೆ.

ಕನ್ನಡದಲ್ಲಿ ಎಲ್ಲಕ್ಕೂ ಬೆಸುಗೆ ಎಂದೇ ಹೇಳುತ್ತೇವೆ. ಅಕ್ಕಸಾಲಿಗ ಓಲೆಯ ತಿರುಪಿಗೆ ಹಾಕುವುದೂ ಬೆಸುಗೆ, ರೇಡಿಯೋ ರಿಪೇರಿಯವನು ತವರದಿಂದ ಹಾಕುವುದೂ ಬೆಸುಗೆ, ಸೇತುವೆಯ ಉಕ್ಕಿನ ತೊಲೆಗೆ ಹಾಕುವುದೂ ಬೆಸುಗೆ. ಕಸುಬಿನವರಿಗೆ ಇವು ಮೂರು ಬೇರೆ ಲೋಕಗಳು. ವೆಲ್ಡಿಂಗ್‌ನಲ್ಲಿ ಎರಡೂ ತುಂಡುಗಳ ಅಂಚು ಕರಗಿ, ಬೆರೆತು, ಒಂದೇ ಲೋಹವಾಗಿ ಆರುತ್ತದೆ. ಬ್ರೇಝಿಂಗ್‌ನಲ್ಲಿ ಎರಡೂ ತುಂಡುಗಳು ಗಟ್ಟಿಯಾಗಿಯೇ ಇರುತ್ತವೆ. ನಡುವೆ ಬರುವ ಮೂರನೆಯ ಲೋಹವಷ್ಟೇ ಕರಗುತ್ತದೆ. ಆ ಮೂರನೆಯದು 450 ಡಿಗ್ರಿಗಿಂತ ಮೇಲೆ ಕರಗುವಂಥದ್ದಾದರೆ ಬ್ರೇಝಿಂಗ್, ಅದಕ್ಕಿಂತ ಕೆಳಗಾದರೆ ಸೋಲ್ಡರಿಂಗ್.

ನಮ್ಮ ಮಣೆಗೆ ಅವರು ಆರಿಸಿದ್ದು ಸಿಲಿಕಾನ್ ಬ್ರಾಂಝ್ ಕಡ್ಡಿ. ನೂರಕ್ಕೆ 96ರಷ್ಟು ತಾಮ್ರ, ಮೂರರಷ್ಟು ಸಿಲಿಕಾನ್, ಒಂದರಷ್ಟು ಮ್ಯಾಂಗನೀಸ್. ಇದು ಸುಮಾರು 1,000 ಡಿಗ್ರಿಯ ಆಸುಪಾಸಿನಲ್ಲಿ ನೀರಾಗುತ್ತದೆ. ಶುದ್ಧ ಕಬ್ಬಿಣಕ್ಕೆ 1,538 ಡಿಗ್ರಿ ಬೇಕು. ಆದರೆ ಬೀಡಿನಲ್ಲಿ ಇಂಗಾಲ ಹೆಚ್ಚು, ಹಾಗಾಗಿ ಅದು ಹೆಚ್ಚುಕಡಿಮೆ 1,150 ಡಿಗ್ರಿಗೇ ಸೋಲತೊಡಗುತ್ತದೆ. ಅಂದರೆ ಕೆಲಸಗಾರನಿಗೆ ಸಿಕ್ಕಿದ್ದು ನೂರೈವತ್ತು ಡಿಗ್ರಿಯ ಕಿಂಡಿ. ಅವನ ಕೈಯಲ್ಲಿರುವ ಬೆಂಕಿಯೋ, ಟಿಗ್ ಟಾರ್ಚಿನ ಆರ್ಕು, ಅಂದರೆ ಟಂಗ್‌ಸ್ಟನ್ ಮೊನೆಯಿಂದ ಲೋಹಕ್ಕೆ ಹಾರುವ ವಿದ್ಯುತ್ತಿನ ಉರಿ. ಅದರ ನಡುಮೈಯಲ್ಲಿ 10,000 ಡಿಗ್ರಿಗೂ ಮೀರಿದ ಬಿಸಿ. ಸೂರ್ಯನ ಮೇಲ್ಮೈಯಲ್ಲಿರುವುದೇ ಸುಮಾರು 5,500. ಸೂರ್ಯನಿಗಿಂತ ಬಿಸಿಯಾದ ಒಂದು ಮೊನೆಯನ್ನು ಕೈಯಲ್ಲಿ ಹಿಡಿದು, ಕೆಳಗಿನ ಕಬ್ಬಿಣ ಕರಗದ ಹಾಗೆ ಕಾಯುವುದು! ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತೆ.

ಬೀಡನ್ನು ಕರಗಿಸಿದರೆ ಏನಾಗುತ್ತದೆ ಎಂದು ಯಜಮಾನರೇ ವಿವರಿಸಿದರು. ಅದರೊಳಗಿನ ಇಂಗಾಲ ಗ್ರಾಫೈಟ್ ಚಕ್ಕೆಗಳಾಗಿ ನೆಮ್ಮದಿಯಾಗಿ ಮಲಗಿರುತ್ತದೆ. ಕರಗಿಸಿ ಬೇಗ ಆರಿಸಿದರೆ ಆ ಇಂಗಾಲ ಕಬ್ಬಿಣದ ಜೊತೆ ಸೇರಿ ಗಾಜಿನಷ್ಟು ಗಡಸಾದ, ಗಾಜಿನಷ್ಟೇ ಪೆಡಸಾದ ಪದರವಾಗುತ್ತದೆ. ಬಿಸಿಯಾದ ಭಾಗ ಆರುತ್ತ ಕುಗ್ಗುತ್ತದೆ, ತಣ್ಣಗಿದ್ದ ಭಾಗ ಜಗ್ಗುವುದಿಲ್ಲ. ಬೀಡಿಗೆ ಎಳೆದರೆ ಹಿಗ್ಗುವುದು ಬಾರದು. ಎಲ್ಲ ಮುಗಿದು ಚಹಾ ಕುಡಿಯುತ್ತಿರುವಾಗ ಮೇಜಿನ ಮೇಲಿಂದ 'ಟಿಂಕ್' ಎಂದು ಒಂದು ಸದ್ದು. "ಆ ಸದ್ದು ಕೇಳಿದರೆ ಚಹಾ ಗಂಟಲಲ್ಲಿ ಇಳಿಯೋದಿಲ್ಲ ಸಾರ್" ಎಂದರು. ಕಂಚು ಹಾಗಲ್ಲ, ಮೆತ್ತಗಿನದು. ಕುಗ್ಗುವಾಗ ತಾನೇ ಎಳೆಸಿಕೊಳ್ಳುತ್ತದೆ, ಕಬ್ಬಿಣವನ್ನು ಜಗ್ಗುವುದಿಲ್ಲ.

ಕೆಲಸದಲ್ಲಿ ಮುಕ್ಕಾಲು ಪಾಲು ಸಮಯ ಹಿಡಿದದ್ದು ತೊಳೆಯುವುದಕ್ಕೆ, ಉಜ್ಜುವುದಕ್ಕೆ. ಗ್ರೈಂಡರ್ ಹಿಡಿದು ಇಳಿಜಾರು ಕೊರೆದ ಮೇಲೆ ಅಂಚು ಬೆಳ್ಳಗೆ ಹೊಳೆಯುತ್ತಿತ್ತು. ನನಗೆ ಸಾಕೆನ್ನಿಸಿತು. ಅವರು ಅದರ ಮೇಲೆ ಬೆರಳು ಒತ್ತಿ ಎಳೆದು ನನಗೆ ತೋರಿಸಿದರು: ಬೆರಳ ತುದಿ ಪೆನ್ಸಿಲ್ ಕಡ್ಡಿ ತಿಕ್ಕಿದಂತೆ ಕಪ್ಪು. ಗ್ರೈಂಡರಿನ ಕಲ್ಲು ಗ್ರಾಫೈಟನ್ನು ಕಬ್ಬಿಣದ ಮೈಗೆಲ್ಲ ಸವರಿಬಿಡುತ್ತದೆ. ಅದರ ಮೇಲೆ ಕಂಚು ಕೂರುವುದಿಲ್ಲ. ಹಾಗಾಗಿ ಮತ್ತೆ ಅರ ಹಿಡಿದು ಕೈಯಲ್ಲೇ ಉಜ್ಜಿದರು, ಆಮೇಲೆ ಸ್ಟೀಲ್ ಬ್ರಶ್ಶು. ಬಳಿಕ ಗ್ಯಾಸ್ ಬರ್ನರಿನ ಮೇಲಿಟ್ಟು ಕಾಯಿಸತೊಡಗಿದರು. ದೋಸೆ ಹೆಂಚಿಗೆ ಚಿಮುಕಿಸಿದ ನೀರು ಮುತ್ತಾಗಿ ಕುಣಿಯುವಷ್ಟು ಕಾವು ಬರಬೇಕು.

ಕಾಯುತ್ತ ಕಾಯುತ್ತ ಮಣೆ ಬೆವರಿತು. ಬೀಡಿನ ಸೂಕ್ಷ್ಮ ರಂಧ್ರಗಳಲ್ಲಿ ಇಷ್ಟು ವರ್ಷ ಇಂಗಿದ್ದ ಎಣ್ಣೆ ಹೊರಬಂದು ತೆಳ್ಳಗೆ ಹೊಗೆಯಾಯಿತು. ಆ ವಾಸನೆ ನನಗೆ ಗೊತ್ತಿತ್ತು. ದೀಪಾವಳಿಯ ಹಿಂದಿನ ವಾರ, ರಾತ್ರಿ ಹನ್ನೊಂದಕ್ಕೆ, ಊರವರ ರವಿಕೆಗಳ ರಾಶಿಯ ನಡುವೆ ಕೂತ ಅಮ್ಮ ಸಣ್ಣ ಮೂತಿಯ ಡಬ್ಬಿಯಿಂದ ಹನಿಸುತ್ತಿದ್ದ ಎಣ್ಣೆಯದು. ಕಬ್ಬಿಣ ಅದನ್ನು ಇಟ್ಟುಕೊಂಡಿತ್ತು.

ಫ್ಯಾನು ಆರಿಸಿದರು. ಏಪ್ರಿಲ್ ತಿಂಗಳು, ತಗಡಿನ ಶೆಡ್ಡು. ಆದರೂ ಆರಿಸಲೇಬೇಕು, ಗಾಳಿ ಬೀಸಿದರೆ ಟಾರ್ಚಿನ ಮೂತಿಯಿಂದ ಬರುವ ಆರ್ಗಾನ್ ಚೆದುರಿಹೋಗುತ್ತದೆ. ಬಾಗಿಲ ಪಕ್ಕ ಆಳೆತ್ತರಕ್ಕೆ ನಿಂತಿದ್ದ ಸಿಲಿಂಡರಿನ ಕೀಲಿ ತಿರುಗಿಸಿದಾಗ ಮಾಪಕದ ಗಾಜಿನ ನಳಿಗೆಯಲ್ಲಿ ಗುಂಡು ಎದ್ದು ಎಂಟರ ಹತ್ತಿರ ನಿಂತಿತು. ನಿಮಿಷಕ್ಕೆ ಎಂಟು ಲೀಟರ್.

ಈ ಆರ್ಗಾನಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಅವತ್ತಿನಿಂದ ನನ್ನನ್ನು ಬಿಡದೆ ಹಿಡಿದಿರುವುದು ಅದು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಅರ್ಥ ಸೋಮಾರಿ. ಯಾವುದರ ಜೊತೆಗೂ ಸೇರುವುದಿಲ್ಲ, ಉರಿಯುವುದಿಲ್ಲ, ಉರಿಸುವುದಿಲ್ಲ, ತುಕ್ಕು ಹಿಡಿಸುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ಸುಮಾರು 0.93ರಷ್ಟು ಅದೇ ಇದೆ. ನಾವು ಒಂದು ಸಲ ಉಸಿರೆಳೆದರೆ ಅರ್ಧ ಲೀಟರ್ ಗಾಳಿ ಒಳಗೆ ಹೋಗುತ್ತದೆಂದುಕೊಂಡರೆ, ಅದರಲ್ಲಿ ಒಂದು ಟೀ ಚಮಚದಷ್ಟು ಆರ್ಗಾನ್. ಹುಟ್ಟಿದ ಗಳಿಗೆಯಿಂದ ಪ್ರತಿ ಉಸಿರಿಗೂ ಒಂದು ಚಮಚ, ಒಳಗೆ ಹೋಗಿ ಏನನ್ನೂ ಮುಟ್ಟದೆ ಹೊರಗೆ ಬರುತ್ತಿದೆ.

ಹೀಗೆ ಏನೂ ಮಾಡದಿರುವುದರಿಂದಲೇ ಅದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1785ರಲ್ಲಿ ಹೆನ್ರಿ ಕ್ಯಾವೆಂಡಿಶ್ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾರಿಸಿ ಹಾರಿಸಿ ಸಾರಜನಕವನ್ನೆಲ್ಲ ಕಳೆದಾಗ ಕೊನೆಗೆ ಒಂದು ಪುಟ್ಟ ಗುಳ್ಳೆ ಉಳಿಯಿತು. ಮೊದಲಿದ್ದ ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ ಎಂದು ಬರೆದಿಟ್ಟ. ಅದು ಏನೆಂದು ತಿಳಿಯಲು ಇನ್ನೂ 109 ವರ್ಷ ಬೇಕಾಯಿತು. ಗಾಳಿಯಿಂದ ತೆಗೆದ ಸಾರಜನಕ, ರಾಸಾಯನಿಕಗಳಿಂದ ತೆಗೆದ ಸಾರಜನಕಕ್ಕಿಂತ ನೂರಕ್ಕೆ ಅರ್ಧದಷ್ಟು ಹೆಚ್ಚು ತೂಗುತ್ತದಲ್ಲ, ಯಾಕೆ ಎಂದು ಲಾರ್ಡ್ ರ‍್ಯಾಲೇ ತಲೆ ಕೆಡಿಸಿಕೊಂಡ. ಬೇರೆಯವರಾಗಿದ್ದರೆ ತಕ್ಕಡಿಯ ತಪ್ಪೆಂದು ಬಿಟ್ಟುಬಿಡುತ್ತಿದ್ದರು. 1894ರಲ್ಲಿ ಅವನೂ ವಿಲಿಯಂ ರ‍್ಯಾಮ್ಸೆಯೂ ಸೇರಿ ಆ ಸೋಮಾರಿಯನ್ನು ಹಿಡಿದರು.

ಇದೇ ರ‍್ಯಾಮ್ಸೆ 1900ರಲ್ಲಿ ನಮ್ಮ ದೇಶಕ್ಕೆ ಬಂದಿದ್ದ. ಜಮ್‌ಶೆಟ್‌ಜಿ ಟಾಟಾ ಕನಸು ಕಂಡಿದ್ದ ವಿಜ್ಞಾನ ಸಂಸ್ಥೆ ಯಾವ ಊರಿನಲ್ಲಿರಬೇಕೆಂದು ಸಲಹೆ ಕೊಡುವುದು ಅವನ ಕೆಲಸ. ಸುತ್ತಾಡಿ ನೋಡಿ ಬೆಂಗಳೂರು ಎಂದ. 1909ರಲ್ಲಿ ಸಂಸ್ಥೆ ಹುಟ್ಟಿತು; ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ರ‍್ಯಾಮ್ಸೆಯ ಜೊತೆ ನಿಂತು 1898ರಲ್ಲಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಇನ್ನೂ ಮೂರು ಸೋಮಾರಿ ಅನಿಲಗಳನ್ನು ಕಂಡುಹಿಡಿದವನು. ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ಯಶವಂತಪುರದ ಕಡೆ ಬಂದರೆ ಹಳೆಯ ತಲೆಯವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಮರಗಳ ಆವರಣ ಸಿಗುತ್ತದೆ. ಶೆಡ್ಡಿನಲ್ಲಿ ಸುಯ್ಯೆನ್ನುತ್ತಿದ್ದ ಗಾಳಿಗೂ ಆ ಸಂಸ್ಥೆಯ ಗ್ರಾನೈಟ್ ಗೋಪುರಕ್ಕೂ ಇರುವ ನಂಟು ನೆನೆದು ನನಗೆ ಮೈ ಜುಮ್ಮೆಂದಿತು.

ಅದಕ್ಕೂ ಹಿಂದೆ ಹೋದರೆ? ಈ ಆರ್ಗಾನ್ ಮೊದಲು ಗಾಳಿಯಲ್ಲಿ ಇರಲೇ ಇಲ್ಲ ಎನ್ನಬೇಕು. ಇವತ್ತು ಇರುವುದರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಬಂಡೆಗಳೊಳಗೆ ಹುಟ್ಟಿದ್ದು. ಬಂಡೆಯಲ್ಲಿರುವ ಪೊಟ್ಯಾಸಿಯಂನಲ್ಲಿ ಒಂದು ಬಗೆ, ಪೊಟ್ಯಾಸಿಯಂ-40, ತನ್ನಷ್ಟಕ್ಕೆ ನಿಧಾನವಾಗಿ ಸವೆಯುತ್ತದೆ. ಅದರ ಅರ್ಧ ಸವೆಯುವುದಕ್ಕೆ 125 ಕೋಟಿ ವರ್ಷ. ಹೀಗೆ ಸವೆದದ್ದರಲ್ಲಿ ಹತ್ತರಲ್ಲೊಂದು ಪಾಲು ಆರ್ಗಾನ್ ಆಗುತ್ತದೆ. ಲಾಲ್‌ಬಾಗ್‌ನ ಬಂಡೆ ಹತ್ತಿ ಕಡಲೆಕಾಯಿ ತಿನ್ನುತ್ತ ಸೂರ್ಯಾಸ್ತ ನೋಡುತ್ತೇವಲ್ಲ, 300 ಕೋಟಿ ವರ್ಷದ ಆ ಬಂಡೆಯೊಳಗೂ ಇದೇ ನಡೆದಿದೆ, ನಾವು ಕೂತಿರುವಾಗಲೂ ನಡೆಯುತ್ತಿದೆ. ಬಂಡೆಯೇ ಏಕೆ, ನಮ್ಮ ಮೈಯ ಪೊಟ್ಯಾಸಿಯಂನಲ್ಲೂ ಅಷ್ಟೆ: ಪ್ರತಿ ಸೆಕೆಂಡಿಗೆ ನೂರಾರು ಆರ್ಗಾನ್ ಪರಮಾಣುಗಳು ನಮ್ಮೊಳಗೇ ಹುಟ್ಟುತ್ತಿವೆ. ಅಮ್ಮನ ಪಾದದಲ್ಲೂ.

ಬಂಡೆ ಬಿಟ್ಟ ಉಸಿರನ್ನು ಕೋಟ್ಯಂತರ ವರ್ಷ ಗಾಳಿ ಕೂಡಿಟ್ಟಿತು. ಮನುಷ್ಯರು ಆ ಗಾಳಿಯನ್ನು ದ್ರವವಾಗುವಷ್ಟು ತಣಿಸಿ, ಸೊನ್ನೆಗಿಂತ 186 ಡಿಗ್ರಿ ಕೆಳಗೆ ಕುದಿಯುವ ಭಾಗವನ್ನು ಬೇರ್ಪಡಿಸಿ ಸಿಲಿಂಡರಿಗೆ ತುಂಬಿದರು. ಅದೀಗ ಪೀಣ್ಯದ ಶೆಡ್ಡಿನಲ್ಲಿ, ಬಟಾಣಿ ಕಾಳಿನಷ್ಟಗಲದ ಕೆಂಪು ಕಬ್ಬಿಣದ ಮೇಲೆ ಹೊದಿಕೆಯಂತೆ ಇಳಿಯುತ್ತದೆ. ಗಾಳಿಗಿಂತ ಸ್ವಲ್ಪ ಭಾರವಾದ್ದರಿಂದ ಕೆಳಗೇ ಕೂರುತ್ತದೆ. ಆಮ್ಲಜನಕವನ್ನು ಒಳಗೆ ಬಿಡುವುದಿಲ್ಲ. ಅದರ ಕೆಲಸ ಅಷ್ಟೇ: ಅಲ್ಲಿರುವುದು.

ಹಿಂದೆ ಈ ಕಾವಲನ್ನು ಬಿಳಿಗಾರ ಮಾಡುತ್ತಿತ್ತು. ಅಜ್ಜಿಯ ಊರಿನ ಅಕ್ಕಸಾಲಿಗರ ಜಗಲಿಯಲ್ಲಿ ನಾನು ಗಂಟೆಗಟ್ಟಲೆ ಕೂತು ನೋಡಿದ್ದು ಅದನ್ನೇ. ಊದುಗೊಳವೆಯ ಉರಿ ತಾಗಿದಾಗ ಬಿಳಿಗಾರದ ಪುಡಿ ಮೊದಲು ಅರಳಿನಂತೆ ಉಬ್ಬುತ್ತಿತ್ತು, ಆಮೇಲೆ ಕುಸಿದು ತಿಳಿ ಗಾಜಾಗಿ ಹರಡುತ್ತಿತ್ತು. ಆ ಗಾಜಿನ ಕೆಳಗೆ, ಎಲ್ಲಿಂದಲೋ ಬಂದ ಹೊಳಪು ಒಂದು ಕಣ್ಣುಮಿಟುಕಿನಲ್ಲಿ ಸೀಳಿನುದ್ದಕ್ಕೂ ಓಡುತ್ತಿತ್ತು. ಬೆಸುಗೆ ಓಡಿತು ಎಂದೇ ಅವರು ಹೇಳುತ್ತಿದ್ದರು. ಯಾಕೆ ಓಡುತ್ತದೆ ಎಂದು ಕೇಳಿದ್ದಕ್ಕೆ, "ಮೈ ಚೊಕ್ಕಟ ಇದ್ದರೆ ಓಡುತ್ತೆ" ಎಂದಿದ್ದರು. ಅದಕ್ಕಿಂತ ಸರಿಯಾದ ಉತ್ತರ ನನಗೆ ಪುಸ್ತಕಗಳಲ್ಲೂ ಸಿಕ್ಕಿಲ್ಲ.

ಯಜಮಾನರು ನನಗೂ ಒಂದು ಮುಖಗವಸು ಕೊಟ್ಟರು. ಅವರ ಬಲಗಾಲು ಮೇಜಿನ ಕೆಳಗಿನ ಪೆಡಲಿನ ಮೇಲೆ. ಒತ್ತಿದಷ್ಟೂ ಕರೆಂಟು ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ಕಡ್ಡಿ, ಕಾಲಿನಲ್ಲಿ ಬೆಂಕಿಯ ಹದ. ಮುರಿದ ಕಾಲುಮಣೆಯನ್ನು ಕಾಲುಮಣೆ ಒತ್ತುತ್ತಲೇ ಜೋಡಿಸುತ್ತಿದ್ದರು. ಬಗ್ಗಿದ ಆ ಬೆನ್ನು, ಒಂದೇ ಬಿಂದುವಿನಲ್ಲಿ ನೆಟ್ಟ ಆ ಕಣ್ಣು, ನನಗೆ ಹೊಸತಾಗಿರಲಿಲ್ಲ.

ಟಾರ್ಚಿನ ಮೂತಿಯಲ್ಲಿ ಪೆನ್ಸಿಲ್ ಮೊನೆಯಂತೆ ಚೂಪಾದ ಟಂಗ್‌ಸ್ಟನ್ ಕಡ್ಡಿ. ಆರ್ಕು ಹೊರಡುವುದು ಅದರ ತುದಿಯಿಂದ, ಆದರೆ ಅದು ಕರಗುವುದಿಲ್ಲ. ಲೋಹಗಳಲ್ಲೆಲ್ಲ ಅತಿ ಹೆಚ್ಚಿನ ಬಿಸಿಗೆ ಕರಗುವುದು ಅದೇ, 3,422 ಡಿಗ್ರಿಗೆ. ಅದು ಕೊಡುವುದು ಎಲೆಕ್ಟ್ರಾನುಗಳನ್ನು, ಹಾಗಾಗಿ ಬಿಸಿಯ ದೊಡ್ಡ ಪಾಲು ಎದುರಿನ ಲೋಹಕ್ಕೆ ಹೋಗುತ್ತದೆ. ಸ್ವೀಡಿಷ್ ಭಾಷೆಯಲ್ಲಿ ಟಂಗ್‌ಸ್ಟನ್ ಎಂದರೆ ಭಾರದ ಕಲ್ಲು. ಕೋಲಾರದ ಚಿನ್ನದ ಗಣಿಯ ಸೈನೈಡ್ ಗುಡ್ಡಗಳಲ್ಲಿ ಇದರ ಅದಿರು, ಷೀಲೈಟ್, ಅಲ್ಪಸ್ವಲ್ಪ ಸೇರಿಕೊಂಡಿದೆ. ನೇರಳಾತೀತ ಬೆಳಕು ಬಿಟ್ಟರೆ ನೀಲಿಯಾಗಿ ಹೊಳೆಯುವ ಕಲ್ಲು ಅದು.

ಆರ್ಕು ಹತ್ತಿತು. ಲೋಕವೆಲ್ಲ ಕತ್ತಲಾಗಿ, ರಾಗಿ ಕಾಳಿನಷ್ಟು ಬೆಳಕಿನಲ್ಲಿ ಒಂದು ಸಣ್ಣ ಊರು ಕಂಡಿತು. ಅಲ್ಲಿ ಒಂದು ಕಣಿವೆ, ಅದರ ಎರಡು ದಂಡೆ. ಕಡ್ಡಿಯ ತುದಿ ಒಳಗೆ ಬಂತು, ಕರಗಿ ಹನಿಯಾಗಿ ಬಿತ್ತು. ಬಿದ್ದ ಹನಿ ದುಂಡಗೆ ಕೂತಿತು, ಕೆಸುವಿನೆಲೆಯ ಮೇಲಿನ ಮಳೆಹನಿಯ ಹಾಗೆ. ಕಬ್ಬಿಣ ಅದನ್ನು ಇನ್ನೂ ಒಪ್ಪಿರಲಿಲ್ಲ. ಯಜಮಾನರು ಅವಸರ ಮಾಡಲಿಲ್ಲ. ಆರ್ಕನ್ನು ಕಬ್ಬಿಣದ ಮೇಲೆ ನಿಲ್ಲಿಸಬಾರದು, ಕಂಚಿನ ಕೆರೆಯ ಮೇಲೆ ನಿಲ್ಲಿಸಬೇಕು, ಕೆರೆಯೇ ದಂಡೆಯನ್ನು ಬಿಸಿ ಮಾಡಬೇಕು. ದಂಡೆ ಕಪ್ಪಿನಿಂದ ಕೆಂಪಿಗೆ, ಕೆಂಪಿನಿಂದ ಕಿತ್ತಳೆಗೆ ತಿರುಗುತ್ತ ಬಂತು. ಬೆಳಕಿನ ಅಂಚಿನಲ್ಲಿ ತಾಮ್ರದ ತಿಳಿ ಹಸಿರು.

ಆಗ ಅದು ಆಯಿತು. ದುಂಡಗಿದ್ದ ಹನಿಯ ಅಂಚು ತೆಳ್ಳಗಾಯಿತು. ಯಾರೋ ಕೆಳಗಿನಿಂದ ಮೆಲ್ಲಗೆ ಎಳೆದಂತೆ ದಂಡೆಯ ಮೇಲೆ ಹರಡಿತು, ಕಣಿವೆಯ ಬುಡದಲ್ಲಿ ಉಳಿದಿದ್ದ ಕೂದಲೆಳೆಯ ಸೀಳಿನೊಳಕ್ಕೆ ಇಳಿಯಿತು, ಬೆಳ್ಳಿಯಂಥ ಒಂದು ಗೆರೆ ಮುಂದಕ್ಕೆ ಓಡಿತು. "ಹಿಡೀತು ನೋಡಿ" ಎಂದರು ಗವಸಿನೊಳಗಿನಿಂದ.

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವುದೂ ಇದೇ ಎಳೆತದಿಂದ. ಲೋಹದೊಳಗಿನ ಪರಮಾಣುವಿಗೆ ಸುತ್ತಲೂ ಜೊತೆಗಾರರಿದ್ದಾರೆ. ಮೇಲ್ಮೈಯಲ್ಲಿರುವುದಕ್ಕೆ ಒಂದು ಕಡೆ ಯಾರೂ ಇಲ್ಲ, ಆ ಕಡೆಗೆ ಅದು ಕೈ ಚಾಚಿಕೊಂಡೇ ಇರುತ್ತದೆ. ಸಾಮಾನ್ಯವಾಗಿ ಆಮ್ಲಜನಕ ಆ ಕೈಯನ್ನು ಕ್ಷಣದಲ್ಲಿ ಹಿಡಿದುಬಿಡುತ್ತದೆ. ಆಗ ಕಬ್ಬಿಣದ ಹಸಿವು ಇಂಗುತ್ತದೆ, ಅದರ ಮೇಲೆ ಬಿದ್ದ ಕಂಚು ಕೆಸುವಿನೆಲೆಯ ನೀರಾಗುತ್ತದೆ. ಸೋಮಾರಿ ಗಾಳಿ ಕಾವಲಿದ್ದರೆ ಆ ಕೈಗಳು ಬರಿದಾಗಿರುತ್ತವೆ. ಕಾದಿರುತ್ತವೆ. ಹನಿ ಎಷ್ಟು ದುಂಡಗೆ ನಿಲ್ಲುತ್ತದೆ, ಎಷ್ಟು ಹರಡುತ್ತದೆ ಎಂಬುದನ್ನು ಅಂಚಿನ ಕೋನದಿಂದ ಅಳೆಯಬಹುದು ಎಂದು ಥಾಮಸ್ ಯಂಗ್ 1805ರಲ್ಲೇ ತೋರಿಸಿಕೊಟ್ಟಿದ್ದ. ಆದರೂ ಕಣ್ಣೆದುರು ಹರಡುವುದನ್ನು ನೋಡುವಾಗ ಕೋನ ನೆನಪಾಗಲಿಲ್ಲ. ಲೋಹವೂ ಲೋಹವನ್ನು ಬಯಸುತ್ತದೆ ಎಂದಷ್ಟೇ ಅನ್ನಿಸಿತು.

ಕಂಚಿನ ಬದಲು ಹಿತ್ತಾಳೆ ಕಡ್ಡಿ ಯಾಕೆ ಬೇಡ ಎಂದು ನಡುವೆ ಕೇಳಿದೆ. ಹಿತ್ತಾಳೆಯಲ್ಲಿ ಸತುವಿದೆ, ಸತುವು 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಆರ್ಕಿನ ಕೆಳಗೆ ಬಿಳಿ ಹೊಗೆ ಎದ್ದು, ಟಂಗ್‌ಸ್ಟನ್ ಮೊನೆ ಕೆಟ್ಟು, ಉಸಿರಿಗೂ ವಿಷ. ಇದೇ ಗುಣವನ್ನು ಹಿಡಿದುಕೊಂಡು ರಾಜಸ್ಥಾನದ ಝಾವರಿನಲ್ಲಿ ಹಿಂದಿನವರು ಮಣ್ಣಿನ ಮೂಸೆಗಳಲ್ಲಿ ಸತುವನ್ನು ಭಟ್ಟಿ ಇಳಿಸುತ್ತಿದ್ದರು.

ಒಂದೊಂದು ಇಂಚಿಗೂ ನಿಲ್ಲಿಸಿ ಸಣ್ಣ ಸುತ್ತಿಗೆಯಿಂದ ಕಂಚನ್ನು ತಟ್ಟಿದರು. ಮಗುವಿನ ಬೆನ್ನು ತಟ್ಟಿದಷ್ಟೇ ಮೆತ್ತಗೆ. ಹೀಗೆ ತಟ್ಟಿದರೆ ಕುಗ್ಗುವ ಬಿಗುಪು ಸಡಿಲುತ್ತದಂತೆ. ಮತ್ತೆ ಒಂದಿಂಚು. ಕೊನೆಯ ಇಂಚು ಮುಗಿದಾಗ ಪೆಡಲಿನಿಂದ ಕಾಲು ತೆಗೆದರು, ಬೆಳಕು ಆರಿತು. ನಾನು ಗವಸು ಎತ್ತಿದೆ. ಅವರು ಮಾತ್ರ ಕದಲಲಿಲ್ಲ. ಬೆಂಕಿಯಿಲ್ಲದ ಟಾರ್ಚನ್ನು ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಹಿಡಿದೇ ಇದ್ದರು. ಮೂತಿಯಿಂದ ಸುಯ್ಯೆಂದು ಆರ್ಗಾನ್ ಬರುತ್ತಲೇ ಇತ್ತು. ಆರ್ಕು ನಿಂತ ಮೇಲೂ ಕೆಲವು ಸೆಕೆಂಡು ಬಿಸಿಲೋಹಕ್ಕೂ ಟಂಗ್‌ಸ್ಟನ್ ಮೊನೆಗೂ ಕಾವಲು ಬೇಕು. ಬೆಳಕೂ ಇಲ್ಲದ, ಸದ್ದೂ ಅಷ್ಟಾಗಿ ಇಲ್ಲದ ಆ ಏಳೆಂಟು ಸೆಕೆಂಡುಗಳಲ್ಲಿ ಹೊರಗಿನ ಲೇತುಗಳ ಗದ್ದಲ ಕೂಡ ನನಗೆ ಕೇಳಿಸಲಿಲ್ಲ. ಮಾಪಕದ ಗುಂಡು ಕೆಳಗೆ ಬಿದ್ದು ಕಟ್ ಎಂದಿತು. ಆಗ ಅವರು ಕೈ ತೆಗೆದರು.

ಮಣೆಯನ್ನು ಒಂದು ಹಳೆಯ ಡ್ರಮ್ಮಿನೊಳಗೆ, ಒಲೆಬೂದಿಯ ನಡುವೆ ಹೂತಿಟ್ಟರು. ನಿಧಾನ ಆರಬೇಕು. ಮರುದಿನ ಬೆಳಿಗ್ಗೆ ಹೋಗಿ ಬೂದಿಯೊಳಗೆ ಕೈ ಹಾಕಿದಾಗ ಅದು ಇನ್ನೂ ಉಗುರುಬೆಚ್ಚಗಿತ್ತು.

ಮನೆಯಲ್ಲಿ ಬೋಲ್ಟು ಬಿಗಿದು, ಬೆಲ್ಟು ಏರಿಸಿ, ಅಮ್ಮನನ್ನು ಕರೆದೆ. ಕಪ್ಪು ಬಳ್ಳಿಗಳ ನಡುವೆ ಮೂರು ಕಡೆ ಬಂಗಾರದ ಬಣ್ಣದ ಗೆರೆ. ಅಮ್ಮ ಬಗ್ಗಿ ನೋಡಿ, "ಇದಕ್ಕೆ ಚಿನ್ನದ ನೀರು ಹಾಕಿಸಿದ್ಯೇನೋ?" ಎಂದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ಚಪ್ಪಲಿ ಬದಿಗಿಟ್ಟು, ಬರಿಗಾಲಿನ ಹೆಬ್ಬೆರಳಿನಿಂದ ಆ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಸವರಿದಳು. ಸೂಜಿಗೆ ದಾರ ಪೋಣಿಸಲು ಕನ್ನಡಕ ತರುವಂತೆ ನನಗೆ ಹೇಳಿದಳು.